ಗಲ್ಲಿ ಚೆಂದ ಆಯಿತು, ಬಾಡಿಗೆ ಕೈಗೆ ಸಿಗದಂತಾಯಿತು

ಮಾನ್ಯ ಸಂಪಾದಕರೆ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಬೆಳಗಾವಿಯ ಹಳೇ ಪೇಟೆಯ ಫೋಟೊ ಬಂದಿತ್ತು. ಕಲ್ಲು ಹಾಸಿದ ಗಲ್ಲಿ, ಕಟ್ಟಿಗೆಯ ಕಂಬ, ಹಳದಿ ದೀಪ. ನೋಡಿದ ಕೂಡಲೇ ಗುರುತು ಸಿಕ್ಕಿತು. ಎಡಗಡೆ ಅರ್ಧ ಶಟರ್ ಎತ್ತಿರುವ ಅಂಗಡಿ ನನ್ನದು. ಖಡೇ ಬಜಾರಿಗೆ ಸೇರುವ ಗಲ್ಲಿ, ಎಂಟು ಅಡಿ ಅಗಲ, ಹತ್ತು ಅಡಿ ಉದ್ದದ ಜಾಗ. ಹೊಲಿಗೆ ಮಷೀನ್ ರಿಪೇರಿ ಮಾಡುತ್ತೇನೆ. ಅಪ್ಪ ಶುರು ಮಾಡಿದ ಅಂಗಡಿ, ನಾನು ಕೂತು 31 ವರ್ಷ ಆಯಿತು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಬೆಳಗಾವಿಯ ಮಳೆ ಗೊತ್ತಲ್ಲ? ಮೊದಲೆಲ್ಲ ಗಟಾರದ ನೀರು ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತು. ಕೆಳಗಿನ ಸಾಮಾನು ಎತ್ತಿಡುವುದೇ ಒಂದು ಕೆಲಸ. ಈಗ ಆ ಕಾಟ ಇಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿ ಬಂತು. ದಾವಣಗೆರೆ ಜೊತೆ ನಮ್ಮ ಊರೂ ಅದರಲ್ಲಿತ್ತು. ಆಗ ಖುಷಿಯಿಂದ ಗಲ್ಲಿಯಲ್ಲಿ ಕುಂದಾ ಹಂಚಿದವನು ನಾನೇ.

ಈ ಗಲ್ಲಿಗೆ ಕಲ್ಲು ಹಾಸಿ ಇನ್ನೂ ವರ್ಷ ತುಂಬಿರಲಿಲ್ಲ, ಮಾಲೀಕರು ಬಂದು ಸ್ಟೂಲಿನ ಮೇಲೆ ಕೂತರು. ಚಹಾ ತರಿಸಿದೆ. 'ಈಗ ಗಲ್ಲಿಯ ರೇಟೇ ಬೇರೆ, ನೀನೇ ನೋಡ್ತಿದೀಯಲ್ಲ' ಅಂದರು. ನಾನು ಕೊಡುತ್ತಿದ್ದದ್ದು ತಿಂಗಳಿಗೆ 4,500 ರೂಪಾಯಿ. ಅವರು ಕೇಳಿದ್ದು 16,000, ಡಿಪಾಸಿಟ್ ಬೇರೆ. ಅವರನ್ನು ಬೈಯಲು ಮನಸ್ಸು ಬರುವುದಿಲ್ಲ. ಎಷ್ಟೋ ವರ್ಷ ಕಡಿಮೆ ಬಾಡಿಗೆಗೆ ಕೂತಿದ್ದೇವೆ, ಅದು ನಿಜ. ಆದರೆ ಒಂದು ಮಷೀನ್ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಟೈಮಿಂಗ್ ಕೂರಿಸಿದರೆ ನನಗೆ ಸಿಗುವುದು 250. ದಿನಕ್ಕೆ ನಾಲ್ಕು ಬಂದರೆ ಜಾಸ್ತಿ. ಲೆಕ್ಕ ನೀವೇ ಹಾಕಿ.

ಪಕ್ಕದ ಎರಡು ಅಂಗಡಿ ಒಡೆದು ಒಂದು ಮಾಡಿ ಕಾಫಿ ಅಂಗಡಿ ತೆರೆದಿದ್ದಾರೆ. ಹುಡುಗರು ಒಳ್ಳೆಯವರು, ಕರೆದರು, ಹೋದೆ. ಕಾಫಿಗೆ 140 ರೂಪಾಯಿ. ಟೇಬಲ್ ನೋಡಿದರೆ ಹಳೇ ಹೊಲಿಗೆ ಮಷೀನಿನ ಬೀಡುಕಬ್ಬಿಣದ ಸ್ಟ್ಯಾಂಡು, ಮೇಲೆ ಗಾಜು. ಕೂತ ತಕ್ಷಣ ಕಾಲು ತಾನಾಗಿ ಪೆಡಲಿಗೆ ಹೋಯಿತು. ಅಲುಗಾಡಲಿಲ್ಲ. ಬಗ್ಗಿ ನೋಡಿದೆ, ವೆಲ್ಡಿಂಗ್ ಮಾಡಿಬಿಟ್ಟಿದ್ದಾರೆ.

ನಮ್ಮ ಗಲ್ಲಿಯಲ್ಲಿ ಯಾರೂ ಒಬ್ಬರೇ ಬದುಕಿದವರಲ್ಲ. ಶಹಾಪುರದಲ್ಲೋ ವಡಗಾವಿಯಲ್ಲೋ ಸೀರೆ ತಗೊಂಡ ಹೆಂಗಸರು ಇಲ್ಲಿ ಫಾಲ್ ಹಚ್ಚಿಸಿ, ಪಿಕೋ ಮಾಡಿಸಿ, ಬ್ಲೌಸಿಗೆ ಲೈನಿಂಗ್ ಬಟ್ಟೆ, ಹುಕ್ಕು ತಗೊಂಡು ಹೋಗುತ್ತಿದ್ದರು. ಟೇಲರುಗಳಿಂದ ನನಗೆ ಕೆಲಸ, ಗುಂಡಿ ಅಂಗಡಿಯವನಿಗೆ ವ್ಯಾಪಾರ. ಗುಂಡಿ ಅಂಗಡಿ ಊರ ಹೊರಗಿನ ಬಡಾವಣೆಗೆ ಹೋಯಿತು. ರಫು ಮಾಡುವ ಅಜ್ಜ ಸುಮ್ನೆ ಮನೆಯಲ್ಲಿ ಕೂತರು. ಪಿಕೋದವರೂ ಹೊರಟಿದ್ದಾರೆ. ಇನ್ನು ನಾನೊಬ್ಬ ಇದ್ದು ಏನು ಮಾಡಲಿ?

ಇನ್ನೊಂದು ಸಂಗತಿ. ಗಲ್ಲಿಯ ಬಾಯಿಗೆ ಕಬ್ಬಿಣದ ಗೂಟ ನೆಟ್ಟಿದ್ದಾರೆ, ಆಟೊ ಒಳಗೆ ಬರುವುದಿಲ್ಲ. ಹೋದ ವಾರ ಹಿರೇಬಾಗೇವಾಡಿಯಿಂದ ಒಬ್ಬ ಅಕ್ಕ ಬಂದಿದ್ದರು. ಮಷೀನಿನ ಹೆಡ್ಡು ಗೋಣಿಚೀಲದಲ್ಲಿ ಕಟ್ಟಿ, ಸೊಂಟದ ಮೇಲೆ ಕೂಸಿನ ಹಾಗೆ ಹೊತ್ತುಕೊಂಡು. ಹತ್ತು ಹನ್ನೆರಡು ಕಿಲೋ ಭಾರ. ಕೆಳಗೆ ಇಟ್ಟವರು ಐದು ನಿಮಿಷ ಮಾತಾಡಲಿಲ್ಲ. ಕೆಟ್ಟಿದ್ದು ಕೆಳಗಿನ ದಾರದ ಉರುಳೆ ಕೂರುವ ಸಣ್ಣ ಬಾಬಿನ್ ಕೇಸ್ ಅಷ್ಟೇ. ಬೆಳಿಗ್ಗೆ ಎರಡು ತಾಸು ಗೂಟ ತೆಗೆದಿಟ್ಟರೆ ಯಾರ ಗಂಟು ಹೋಗುತ್ತದೆ?

ಗಲ್ಲಿಯ ತುದಿಗೆ ಹೂವು, ಸೊಪ್ಪು ಮಾರುವವರನ್ನು ಅಂದ ಕೆಡುತ್ತದೆ ಎಂದು ಎಬ್ಬಿಸುತ್ತಿದ್ದಾರೆ. ಅವರ ಅತ್ತೆಯರೂ ಅಲ್ಲೇ ಕೂತಿದ್ದನ್ನು ನಾನೇ ನೋಡಿದ್ದೇನೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಓದಿದವರು ಯಾರಾದರೂ ಇದ್ದಾರಾ? 50 ವರ್ಷಕ್ಕಿಂತ ಹೆಚ್ಚು ಕಾಲ ವ್ಯಾಪಾರ ನಡೆದ ಸಹಜ ಸಂತೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಬೇರೆ ಕಡೆ ಕಳಿಸಬಾರದು ಎಂದು ಅದರ ಅನುಸೂಚಿಯಲ್ಲಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಜನ ಬೀದಿ ವ್ಯಾಪಾರಿಗಳೇ ಇರಬೇಕು ಎಂದೂ ಇದೆ. ಕಂಬಕ್ಕೆ ಬಣ್ಣ ಬಳಿಯುವಾಗ ಪರಂಪರೆ ನೆನಪಾಗುತ್ತದೆ, ಬುಟ್ಟಿ ಇಟ್ಟು ಕೂತವರು ಅದರಲ್ಲಿ ಬರುವುದಿಲ್ಲ ಅಲ್ವಾ?

ನಾನು ರಸ್ತೆ ಬೇಡ ಅನ್ನುತ್ತಿಲ್ಲ. ಮುಂದಿನ ಗಲ್ಲಿಗೆ ಕೈ ಹಾಕುವ ಮೊದಲು ಅಲ್ಲಿ ಯಾರು, ಎಷ್ಟು ವರ್ಷದಿಂದ, ಏನು ಕೆಲಸ ಮಾಡುತ್ತಿದ್ದಾರೆ ಎಂದು ಬರೆದುಕೊಳ್ಳಿ. ಸರ್ಕಾರದ ದುಡ್ಡಿನಲ್ಲಿ ಗಲ್ಲಿ ಚೆಂದ ಆಗುವುದಾದರೆ, ಇಷ್ಟು ವರ್ಷ ಬಾಡಿಗೆ ಇದಕ್ಕಿಂತ ಏರಬಾರದು ಎಂದು ಮಾಲೀಕರಿಂದ ಮೊದಲೇ ಬರೆಸಿಕೊಳ್ಳಬಹುದು. ಸರ್ಕಾರಿ ಮಳಿಗೆಗಳಲ್ಲಿ ಒಂದಿಷ್ಟನ್ನು ಹರಾಜಿಗೆ ಹಾಕದೆ ರಿಪೇರಿ ಕೆಲಸದವರಿಗೆ ಬಿಡಬಹುದು. ಹರಾಜಿನಲ್ಲಿ ಕೂಗುವ ಶಕ್ತಿ ನಮಗಿಲ್ಲ.

ಮಾಲೀಕರು ದೀಪಾವಳಿ ಪಾಡ್ಯದವರೆಗೆ ಟೈಮ್ ಕೊಟ್ಟಿದ್ದಾರೆ. ರಿಪೇರಿಗೆ ಕೊಟ್ಟು ಒಯ್ಯದೇ ಬಿಟ್ಟ 11 ಮಷೀನ್ ಅಂಗಡಿಯಲ್ಲಿವೆ. ಯಾರದೋ ಅವರು ದಯವಿಟ್ಟು ಬಂದು ತಗೊಂಡು ಹೋಗಿ. ಚೀಟಿ ಕಳೆದಿದ್ದರೂ ಪರವಾಗಿಲ್ಲ. ಮಷೀನ್ ನೋಡಿದರೆ ಯಾರದು ಅಂತ ನನಗೆ ಗೊತ್ತಾಗುತ್ತದೆ.

ಒಬ್ಬ ಮಷೀನ್ ರಿಪೇರಿಯವ, ಬೆಳಗಾವಿ