ನಾಲ್ಕನೇ ದಿಕ್ಕು ಬೇಕು ಅಂದ ಬಸೂಗೆ

ಪ್ರೀತಿಯ ಬಸು,

ಡೊಂಬಿವಲಿಯ ನಮ್ಮ ಮನೆ ನೋಡಿ ನೀನು ಅಂದೆಯಲ್ಲ, ‘ಉದ್ದ, ಅಗಲ, ಎತ್ತರ ಮೂರೂ ಮುಗಿದವು. ಇನ್ನೊಂದು ದಿಕ್ಕಿದ್ದರೆ ಆ ಕಡೆ ಒಂದು ಖೋಲಿ ತೆಗೀಬಹುದಿತ್ತು’ ಅಂತ. ಖೋಲಿಯೇನೋ ಸಿಗುತ್ತಿತ್ತು ಮಾರಾಯ, ಸೂರ್ಯ ಸಿಗುತ್ತಿರಲಿಲ್ಲ.

ಯಾಕೆ ಕೇಳು. ಸೂರ್ಯನ ಸೆಳೆತ ಸುತ್ತಲೂ ಹರಡುತ್ತಾ ತೆಳುವಾಗುತ್ತದೆ. ನಮ್ಮ ಮೂರು ಆಯಾಮದಲ್ಲಿ ದೂರ ಎರಡು ಪಟ್ಟಾದರೆ ಸೆಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ನಾಲ್ಕರಲ್ಲಿ ಹರಡಲು ಜಾಗ ಜಾಸ್ತಿ, ಹಾಗಾಗಿ ಎಂಟನೇ ಒಂದು ಭಾಗಕ್ಕೆ. ಅಷ್ಟಕ್ಕೇ ಎಲ್ಲಾ ಕೆಡುತ್ತದೆ. ಇಲ್ಲಿ ಭೂಮಿ ಜನವರಿಯಲ್ಲಿ ಸೂರ್ಯನಿಗೆ ಸ್ವಲ್ಪ ಹತ್ತಿರ ಬರುತ್ತದೆ, ವೇಗ ಹೆಚ್ಚಿ ಮತ್ತೆ ದೂರ ಸರಿಯುತ್ತದೆ, ಜುಲೈ ಹೊತ್ತಿಗೆ ತುಂಬಾ ಆಚೆ ಇರುತ್ತದೆ. ವರ್ಷವರ್ಷವೂ ಇದೇ ಆಟ. ಅಲ್ಲಿ ಈ ಹೋಗಿಬರುವುದು ನಡೆಯುವುದಿಲ್ಲ. ಚೂರು ಒಳಗೆ ಜಾರಿದರೆ ಸುತ್ತುತ್ತಾ ಸೂರ್ಯನೊಳಗೇ ಬಿತ್ತು, ಹೊರಗೆ ಜಾರಿದರೆ ಹೋದದ್ದೇ. ಭೌತವಿಜ್ಞಾನಿ ಪಾಲ್ ಎರೆನ್‌ಫೆಸ್ಟ್ 1917ರಲ್ಲೇ ಇದನ್ನು ತೋರಿಸಿದ್ದರು. ಪರಮಾಣುವಿನೊಳಗಿನ ಎಲೆಕ್ಟ್ರಾನಿಗೂ ಹೆಚ್ಚುಕಡಿಮೆ ಇದೇ ಗತಿ. ಪರಮಾಣುವೇ ನಿಲ್ಲದ ಮೇಲೆ ಗೋಡೆಗೆ ಇಟ್ಟಿಗೆ ಎಲ್ಲಿಂದ ತರ್ತೀಯ?

ಮಾಟುಂಗಾ ಸ್ಟೇಷನ್ ಹತ್ತಿರ ಹೂವಿನವರು ಕೂತಿರುತ್ತಾರಲ್ಲ, ಅವರ ಕೈ ನೋಡಿದ್ದೀಯಾ? ಎರಡೆರಡು ಮೊಗ್ಗು ಇಟ್ಟು, ದಾರ ಸುತ್ತಿ, ಬೆರಳಲ್ಲಿ ಒಂದು ಕುಣಿಕೆ ಎಳೆದರೆ ಮುಗಿಯಿತು. ನಾಲ್ಕು ಆಯಾಮದಲ್ಲಿ ಆ ದಂಡೆ ನಿಲ್ಲುವುದಿಲ್ಲ. ದಾರದ ಮೇಲೆ ದಾರ ಅಡ್ಡ ಬಂದರೆ ತಾನೇ ಗಂಟು? ಅಲ್ಲಿ ದಾರಕ್ಕೆ ಪಕ್ಕಕ್ಕೆ ಸರಿಯಲು ಇನ್ನೊಂದು ದಾರಿ ಇದೆ. ಯಾವ ಗಂಟಾದರೂ, ದಾರ ಕತ್ತರಿಸದೆ, ತುದಿ ಬಿಡದೆ, ಬಿಡಿಸಬಹುದು. ನನಗಂತೂ ಸೂರ್ಯನಿಗಿಂತ ಇದೇ ಜಾಸ್ತಿ ಬೇಜಾರಾಯಿತು.

ಸದ್ದಿನದು ಇನ್ನೊಂದು ಕಥೆ. ಇಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ನಮ್ಮನ್ನು ದಾಟಿ ಹೋಗಿಬಿಡುತ್ತದೆ. ಆಯಾಮ ಎರಡೋ ನಾಲ್ಕೋ ಆದರೆ ಸದ್ದಿನ ಹಿಂದೆ ಬಾಲ ಉಳಿಯುತ್ತದೆ, ಪೂರ್ತಿ ನಿಲ್ಲುವುದೇ ಇಲ್ಲ, ನಿಧಾನಕ್ಕೆ ಸಣ್ಣಗಾಗುತ್ತಾ ಹೋಗುತ್ತದೆ. ದಾದರ್ ಸ್ಟೇಷನ್ನಿನ ಅನೌನ್ಸ್‌ಮೆಂಟು ಈಗಲೇ ಅರ್ಥವಾಗಲ್ಲ, ಇನ್ನು ಅದು ಬೇರೆ!

ಹಾಗಂತ ನಾಲ್ಕನೇ ದಿಕ್ಕು ಇಲ್ಲವೇ ಇಲ್ಲ ಅಂತ ಯಾರೂ ಖಂಡಿತವಾಗಿ ಹೇಳಿಲ್ಲ. ಅದು ಕಣ್ಣಿಗೆ ಬೀಳದಷ್ಟು ಸಣ್ಣದಾಗಿ ಸುರುಳಿ ಸುತ್ತಿಕೊಂಡಿರಬಹುದು ಅಂತ 1926ರಲ್ಲಿ ಓಸ್ಕರ್ ಕ್ಲೈನ್ ಎಂಬ ಭೌತವಿಜ್ಞಾನಿ ಹೇಳಿದ್ದರು. ಹುಡುಕುವವರು ಈಗಲೂ ಇದ್ದಾರೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ದೂರದಲ್ಲೂ ಗುರುತ್ವವನ್ನು ಅಳೆದು ನೋಡಿದ್ದಾರೆ. ಅಲ್ಲೂ ಅದೇ ಹಳೆಯ ಕಾಲು ಭಾಗದ ಲೆಕ್ಕವೇ ಬಂದಿದೆ.

ದೀಪಾವಳಿಗೆ ಬಾ. ಮಲಗಲು ಜಾಗ ಹೇಗೋ ಮಾಡೋಣ.

ನಿನ್ನ,
ರಾಘು