ಆ ಮೂರು ಲೋಟ ಅಕ್ಕಿ

ಕೂಸೇ,

ಕಾರವಾರದಿಂದ ಶಿರಸಿಗೆ ಬಂದು ಎಂಟು ದಿನ ಆಯ್ತು. ನಿನ್ನ ಮನೆಯಲ್ಲಿ ಚೆನ್ನಾಗಿ ಉಂಡೆ, ಸಮುದ್ರ ನೋಡಿದೆ. ಒಂದು ಮಾತು ಮಾತ್ರ ಅಲ್ಲಿ ಹೇಳಲಿಲ್ಲ, ನಿನ್ನ ಗಂಡನ ಎದುರು ಬೇಡ ಅಂತ ಸುಮ್ಮನಿದ್ದೆ.

ನೀನು ಆಫೀಸಿಗೆ ಹೋದ ಮೇಲೆ ಮಜ್ಜಿಗೆ ಹುಡುಕಲು ಫ್ರಿಜ್ ತೆಗೆದೆ. ಮೊಸರಿನ ಹಿಂದೆ ಮೂರು ಸ್ಟೀಲ್ ಡಬ್ಬಿ. ಒಂದರಲ್ಲಿ ಅನ್ನ, ಇನ್ನೊಂದರಲ್ಲೂ ಅನ್ನ, ಮೂರನೆಯದರಲ್ಲಿ ಏನಿತ್ತೋ, ಮುಚ್ಚಳ ತೆಗೆದವಳು ಹಾಗೇ ಮುಚ್ಚಿದೆ. ಕೆಳಗೆ ಭಾನುವಾರದ ಸಂತೆಯ ಹರಿವೆ ಸೊಪ್ಪು ಪ್ಲಾಸ್ಟಿಕ್ ಕವರಿನೊಳಗೇ ನೀರಾಗಿತ್ತು. ಸೋವಿ ಅಂತ ನೀನು ನಾಲ್ಕು ಕಟ್ಟು ತಂದಿದ್ದೆ. ಜೊತೆಗೆ ನಾನೂ ಇದ್ದೆ, ತಡೆಯಲಿಲ್ಲ ಬಿಡು.

ನೀನು ಸೋಮಾರಿ ಅಂತಲ್ಲ. ತಪ್ಪು ಆ ಹಿತ್ತಾಳೆ ಲೋಟದ್ದು. ನಿನ್ನ ಅಮ್ಮ ಕೊಟ್ಟಿದ್ದು, ಅಲ್ವಾ? ಅಕ್ಕ ಅದರಲ್ಲಿ ಒಂಬತ್ತು ಜನಕ್ಕೆ ಆರು ಲೋಟ ಅಳೆಯುತ್ತಿದ್ದಳು, ಹೊತ್ತಿಲ್ಲದ ಹೊತ್ತಲ್ಲಿ ಯಾರಾದರೂ ಊಟಕ್ಕೆ ಬಂದರೆ ಅಂತ ಮೇಲೊಂದು. ನೀವು ಇಬ್ಬರು, ಒಂದು ಮಗು. ನೀನು ಹಾಕುವುದು ಮೂರು! ಲೋಟದ ಜೊತೆಗೆ ಅವಳ ಹೆದರಿಕೆಯೂ ನಿನಗೆ ಬಂದಿದೆ. ನಮ್ಮ ಕಡೆ ಅನ್ನ ಸಾಲದಿದ್ದರೆ ಮರ್ಯಾದೆ ಹೋಗತ್ತೆ, ಉಳಿದರೆ ಯಾರೂ ಕೇಳುವುದಿಲ್ಲ.

ಹಳೇ ಕಾಲದಲ್ಲಿ ನಾವೇನೂ ಹಾಳು ಮಾಡುತ್ತಿರಲಿಲ್ಲ ಅಂದರೆ ಸುಳ್ಳು. ಉಳಿದದ್ದು ಅಕ್ಕಚ್ಚಿನ ಬಕೆಟ್ಟಿಗೆ ಬೀಳುತ್ತಿತ್ತು, ದನ ಕುಡಿಯುತ್ತಿತ್ತು, ಎಷ್ಟು ಅಂತ ನಮಗೆ ಗೊತ್ತೇ ಆಗುತ್ತಿರಲಿಲ್ಲ. ನಿನ್ನ ಮೂರನೇ ಮಹಡಿಗೆ ದನ ಎಲ್ಲಿಂದ ಬರಬೇಕು? ಕವರಿಗೆ ಗಂಟು ಹಾಕಿ ಕಸದ ಗಾಡಿಗೆ ಕೊಡುತ್ತೀಯ, ಅದು ಎಲ್ಲೋ ರಾಶಿಯಲ್ಲಿ ಕೊಳೆತು ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಬಿಡುತ್ತದೆ.

ಮದುವೆ ಮನೆ, ಹೋಟೆಲಿನವರನ್ನು ನಾವು ಬೈಯುತ್ತೇವಲ್ಲ, ವಿಶ್ವಸಂಸ್ಥೆಯ ಪರಿಸರ ವಿಭಾಗದ 2024ರ ವರದಿ ಬೇರೆಯೇ ಹೇಳುತ್ತದೆ. 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಹಾಳಾಯಿತು, ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದ್ದೇ. ನಮ್ಮ ದೇಶದ ಮನೆಗಳಲ್ಲಿ ಒಬ್ಬರಿಗೆ ವರ್ಷಕ್ಕೆ 55 ಕಿಲೋ ಅಂತ ಅಂದಾಜು. ಸಿಪ್ಪೆ, ಮೂಳೆ ಎಲ್ಲ ಸೇರಿದ ಲೆಕ್ಕ, ಆದರೂ ಜಾಸ್ತಿಯೇ.

ಆ ರವೆ ಪೊಟ್ಟಣವನ್ನೂ ಎಸೆದೆಯಲ್ಲ, ತಾರೀಕು ದಾಟಿತು ಅಂತ. 'ಬೆಸ್ಟ್ ಬಿಫೋರ್' ಅನ್ನುವುದು ರುಚಿಯ ಮಾತು. ಹುಳ ಇಲ್ಲ, ಮುಗ್ಗಲು ವಾಸನೆ ಇಲ್ಲ ಅಂದರೆ ಉಪ್ಪಿಟ್ಟು ಮಾಡು. 'ಯೂಸ್ ಬೈ' ಅಂತಿದ್ದರೆ ಮಾತ್ರ ತಾರೀಕು ದಾಟಿದ ಮೇಲೆ ಮುಟ್ಟಬೇಡ. ಅನ್ನದ ವಿಷಯದಲ್ಲೂ ಧೈರ್ಯ ಬೇಡ. ಕರಾವಳಿ ಸೆಕೆಗೆ ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಮಗುವಿಗೆ ಕೊಡಬಾರದು. ಉಂಡಾದ ಮೇಲೆ ಹೆಚ್ಚು ಹೊತ್ತು ಬಿಡದೆ ಫ್ರಿಜ್ಜಿಗೆ ಇಡು, ಮುಂದುಗಡೆ ಇಡು, ಮೊಸರಿನ ಹಿಂದೆ ಅಲ್ಲ. ಬೆಳಿಗ್ಗೆ ಚಿತ್ರಾನ್ನ, ಇಲ್ಲವೇ ದೋಸೆ ಹಿಟ್ಟಿಗೆ ಹಾಕಿ ರುಬ್ಬು.

ಆ ಲೋಟವನ್ನು ನೀರು ಕುಡಿಯಲು ಇಟ್ಟುಕೋ. ಅಕ್ಕಿಗೆ ನನ್ನ ಹತ್ತಿರ ಒಂದು ಸಣ್ಣ ಕುಡ್ತೆ ಇದೆ, ಮುಂದಿನ ವಾರ ಬರುವ ತಮ್ಮನ ಕೈಲಿ ಕಳಿಸುತ್ತೇನೆ. ಒಂದು ದಿನ ಸಾಲದೇ ಹೋದರೆ ಎರಡು ದೋಸೆ ಹೊಯ್ದುಕೊಳ್ಳಿ, ಹಿಟ್ಟಂತೂ ನಿನ್ನ ಫ್ರಿಜ್ಜಿನಲ್ಲಿ ಇದ್ದೇ ಇರತ್ತೆ.

ನಿನ್ನ ಚಿಕ್ಕಮ್ಮ