ದುರ್ಯೋಧನನ ಪಕ್ಕ ಕೂತು ನೋಡಿದ ಮಹಾಭಾರತ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನೋಡಿದೆ. ಮಕ್ಕಳಿಗೆ ತೋರಿಸೋಣ ಅಂತ ಯೂಟ್ಯೂಬಿನಲ್ಲಿ ಹಳೇ ಮಹಾಭಾರತ ಹಾಕಿದೆಯಂತೆ. ಅರ್ಧ ಎಪಿಸೋಡಿಗೇ ಅವರು ಎದ್ದು ಹೋದರಂತೆ. ಹೋಗಲಿ, ನಿನಗೇ ಆಕಳಿಕೆ ಬಂತಂತೆ. ‘ಇದನ್ನೇನೋ ನಾವು ಬಾಯಿ ಬಿಟ್ಕೊಂಡು ನೋಡ್ತಿದ್ದದ್ದು?’ ಅಂತ ಕೇಳಿದ್ದೀಯ. ಫೋನಿನಲ್ಲಿ ಎರಡು ಸಾಲು ಟೈಪು ಮಾಡಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಪತ್ರ. ನಮ್ಮೂರಿನ ಬೇರೆಯವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೈಬೇಡ.

ನನ್ನನ್ನು ಕೇಳಿದರೆ ನಾವು ಮಹಾಭಾರತ ನೋಡಿದ್ದು ಕಡಿಮೆ ಕಣೋ. ಕೇಳಿದ್ದೇ ಜಾಸ್ತಿ. ಅದೂ ಟಿವಿಯಿಂದ ಅಲ್ಲ, ನಿಮ್ಮ ತಾತನಿಂದ.

ನಿಮ್ಮನೆಗೆ ಟಿವಿ ಬಂದದ್ದು ನೆನಪಿದೆಯಲ್ಲ. ರಾಮಾನಂದ ಸಾಗರ್ ಅವರ ರಾಮಾಯಣ 1987ರ ಜನವರಿಯಲ್ಲಿ ಶುರುವಾಗಿತ್ತು. ಅದಾಗಿ ಸ್ವಲ್ಪ ದಿನಕ್ಕೆ, ಬೆಲ್ಲಕ್ಕೆ ಒಳ್ಳೇ ರೇಟು ಸಿಕ್ಕಿದ ಹೊತ್ತಲ್ಲಿ, ನಿಮ್ಮಪ್ಪ ಮಂಡ್ಯದಿಂದ ಕಪ್ಪು ಬಿಳುಪು ಟಿವಿ ತಂದರು. ಆಂಟೆನಾ ತಿರುಗಿಸುವ ಕಥೆ, ಪರದೆ ಮುಂದೆ ಊದುಬತ್ತಿ ಹಚ್ಚುವ ಕಥೆ ಎಲ್ಲರೂ ಬರೆದಿದ್ದಾರೆ, ಅದನ್ನು ಬಿಡು. ನನಗೆ ನೆನಪಿರುವುದು ಟ್ರ್ಯಾಕ್ಟರ್ ಬ್ಯಾಟರಿ. ಭಾನುವಾರ ಒಂಬತ್ತೂವರೆಗೆ ಸರಿಯಾಗಿ ಕರೆಂಟು ಹೋದರೆ ನಿಮ್ಮ ಚಿಕ್ಕಪ್ಪ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ವೈರು ಸಿಕ್ಕಿಸುತ್ತಿದ್ದರು. ಆವತ್ತು ಉಳುಮೆಗೆ ಹೋಗಬೇಕಾಗಿದ್ದ ಟ್ರ್ಯಾಕ್ಟರು ಮನೆ ಮುಂದೇ ನಿಂತಿರುತ್ತಿತ್ತು. ಬಾಡಿಗೆಗೆ ಕರೆಯೋಕೆ ಬಂದವರೂ ಸುಮ್ನೆ ಪಡಸಾಲೆಯಲ್ಲಿ ಕೂತು ಬಿಡುತ್ತಿದ್ದರು. ನಾಲೆ ನೀರಿನ ಸರದಿ ಇದ್ದವರು ಮಾತ್ರ ಗೊಣಗಿಕೊಂಡು ಹೋಗುತ್ತಿದ್ದರು.

ಆ ಪಡಸಾಲೆಯಲ್ಲಿ ಯಾರಿಗೂ ಹಿಂದಿ ಬರುತ್ತಿರಲಿಲ್ಲ, ಇದನ್ನು ಮರೆತಿದ್ದೀಯ ನೀನು. ನಿಮ್ಮಕ್ಕ ಹಿಂದಿ ಮಧ್ಯಮಾ ಪರೀಕ್ಷೆ ಪಾಸು ಮಾಡಿದ್ದಳು ಅಂತ ಅವಳನ್ನು ಮುಂದೆ ಕೂರಿಸಿದ್ದರು. ಪಾಪ, ಅವಳು ಒಂದು ಮಾತಿನ ಅರ್ಥ ಹುಡುಕುವಷ್ಟರಲ್ಲಿ ತೆರೆ ಮೇಲೆ ಹತ್ತು ಮಾತು ಮುಗಿದಿರುತ್ತಿದ್ದವು. ರಾಮಾಯಣದಲ್ಲಿ ಹೇಗೋ ನಡೆಯಿತು. ಕಥೆ ಎಲ್ಲರಿಗೂ ಗೊತ್ತಿತ್ತು, ಮೆಲ್ಲಗೆ ಸಾಗುತ್ತಿತ್ತು, ಕೈ ಮುಗಿದು ಕೂತರೆ ಸಾಕಿತ್ತು. 1988ರ ಅಕ್ಟೋಬರಿನಲ್ಲಿ ಬಿ. ಆರ್. ಚೋಪ್ರಾ ಅವರ ಮಹಾಭಾರತ ಬಂತು ನೋಡು, ಆಗ ನಿಮ್ಮಕ್ಕನ ಕೆಲಸ ಹೋಯಿತು. ನಿಮ್ಮ ತಾತ ಕುರ್ಚಿ ಎಳೆದುಕೊಂಡು ಟಿವಿ ಪಕ್ಕಕ್ಕೇ ಬಂದು ಕೂತರು.

ಅವರು ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನ ಕಟ್ಟಿದವರು. ನಮ್ಮ ಮಂಡ್ಯ ಸೀಮೆಯಲ್ಲಿ ಅದೇನು ಸಣ್ಣ ವಿಷಯವಾ? ಹಾರ್ಮೋನಿಯಂ ಮೇಷ್ಟ್ರು ಊರಲ್ಲೇ ಇದ್ದುಕೊಂಡು ತಿಂಗಳುಗಟ್ಟಲೆ ಕಲಿಸುತ್ತಿದ್ದರು. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತಿತ್ತು. ಪಾತ್ರಕ್ಕೆ ಇಷ್ಟು ಅಂತ ಕಟ್ಟುವವರೇ ದುಡ್ಡು ಹಾಕಬೇಕಿತ್ತು. ದೊಡ್ಡ ಪಾತ್ರಕ್ಕೆ ದೊಡ್ಡ ದುಡ್ಡು. ಕೃಷ್ಣನಿಗೂ ದುರ್ಯೋಧನನಿಗೂ ಪೈಪೋಟಿ. ರಾತ್ರಿ ಶುರುವಾದರೆ ಬೆಳಗಿನ ಜಾವದವರೆಗೂ ಆಟ. ನಡುವೆ ನೆಂಟರು ಸ್ಟೇಜು ಹತ್ತಿ ಹಾರ ಹಾಕಿ, ಎದೆ ಮೇಲೆ ನೋಟು ಚುಚ್ಚಿ ಹೋಗುತ್ತಿದ್ದರು. ಅಲ್ಲಿ ದುರ್ಯೋಧನ ಅಂದರೆ ವಿಲನ್ ಅಲ್ಲ. ಛಲ ಬಿಡದ ದೊರೆ.

ಹಾಗಾಗಿ ಟಿವಿಯಲ್ಲಿ ಪುನೀತ್ ಇಸ್ಸಾರ್ ಬಂದು ನಿಂತಾಗ ತಾತ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ‘ಆಳೇನೋ ಚೆನ್ನಾಗವ್ನೆ. ಗದೆ ನೋಡ್ಲಾ, ಒನಕೆ ಹಿಡ್ದಂಗೆ ಹಿಡ್ದವ್ನೆ’ ಅಂದರು. ನಮಗೆ ನಗು. ಆಮೇಲೆ ಅವರಿಗೆ ನಿಜವಾದ ತಕರಾರು ಹುಟ್ಟಿತು. ‘ಎಲ್ಡು ಮಾತಾಡ್ದ ಮ್ಯಾಕೆ ಒಂದು ಪದ ಹೇಳ್ಬೇಕು ಕಣ್ಲಾ. ಇವ್ನು ಬರೀ ಮಾತೇ ಆಡ್ತನಲ್ಲ!’ ಟಿವಿಯ ಕೌರವ ಹಾಡುವುದೇ ಇಲ್ಲ ಅನ್ನುವುದನ್ನು ಅವರು ಕೊನೆವರೆಗೂ ಕ್ಷಮಿಸಲಿಲ್ಲ. ಕೆಲವು ಭಾನುವಾರ ಅವರೇ ಹಾಡಿ ಆ ಕೊರತೆ ತುಂಬಿದ್ದೂ ಉಂಟು. ಟಿವಿಯಲ್ಲಿ ಹಿಂದಿ ಮಾತು, ಪಕ್ಕದಲ್ಲಿ ತಾತನ ಕಂದಪದ್ಯ. ನಾವು ಯಾವುದನ್ನು ಕೇಳುತ್ತಿದ್ದೆವು ಹೇಳು?

ಅದರಲ್ಲೂ ಜೂಜಿನ ಎಪಿಸೋಡು. ಗೂಫಿ ಪೇಂಟಲ್ ಶಕುನಿಯಾಗಿ ದಾಳ ಉಜ್ಜುತ್ತಾ ಕೂತಿದ್ದರು. ತಾತ ಶಕುನಿಯ ಹಳೇ ಕಥೆ ಎತ್ತಿದರು. ದಾಳ ಯಾವ ಮೂಳೆಯದು, ಅವನ ಅಪ್ಪ ಜೈಲಿನಲ್ಲಿ ಹೇಗೆ ಸತ್ತ, ಯಾಕೆ ಸೇಡು ಅಂತ. ಅದು ಸೀರಿಯಲ್ಲಿನಲ್ಲಿ ಇತ್ತೋ ಇಲ್ಲವೋ, ನನ್ನ ತಲೆಯಲ್ಲಿ ಇರುವುದು ತಾತನ ಶಕುನಿಯೇ. ನಿಮ್ಮಜ್ಜಿಗೆ ಸಿಟ್ಟು ಬಂತು. ‘ಸೀರೆ ಎಳಿಯೋನ್ ಪರ ಮಾತಾಡ್ತೀಯಲ್ಲ, ನಾಚ್ಕೆ ಆಗಕಿಲ್ವಾ’ ಅಂತ ಎಲ್ಲರ ಎದುರೇ ಕೇಳಿದರು. ತಾತ ಆವತ್ತು ಬಾಯಿ ತೆಗೆಯಲಿಲ್ಲ. ಆ ಸಭೆಯಲ್ಲಿ ಭೀಷ್ಮ ದ್ರೋಣರು ಬಾಯಿ ಮುಚ್ಚಿಕೊಂಡು ಕೂತದ್ದು ಟಿವಿಯಲ್ಲಿ. ಅದು ತಪ್ಪು ಅಂತ ನನಗೆ ಗೊತ್ತಾಗಿದ್ದು ನಿಮ್ಮಜ್ಜಿಯಿಂದ.

ನಾವು ಹುಡುಗರು ಬೀದಿಯಲ್ಲಿ ‘ಭ್ರಾತಾಶ್ರೀ’ ಅಂತ ಕೂಗಿಕೊಂಡು ಕಬ್ಬಿನ ಜಲ್ಲೆಯಲ್ಲಿ ಬಡಿದಾಡಿದ್ದು ಇರಲಿ. ಅದನ್ನು ಬರೆದರೆ ನಿನ್ನ ಮಕ್ಕಳು ನಿನ್ನ ಮಾತು ಕೇಳಲ್ಲ.

ಒಮ್ಮೊಮ್ಮೆ ಯೋಚನೆ ಬರುತ್ತೆ. ಆಗ ಕನ್ನಡದಲ್ಲಿ ಡಬ್ಬಿಂಗ್ ಇರಲಿಲ್ಲ. 1960ರ ದಶಕದ ಹೋರಾಟದಿಂದ ನಿಂತುಹೋಗಿತ್ತು. ನಮ್ಮ ಸಿನಿಮಾದವರ ಅನ್ನದ ಪ್ರಶ್ನೆ ಅಂತ ಒಂದು ಕಡೆ, ಕನ್ನಡದವನಿಗೆ ಕನ್ನಡದಲ್ಲಿ ನೋಡುವ ಹಕ್ಕಿಲ್ಲವಾ ಅಂತ ಇನ್ನೊಂದು ಕಡೆ. ನಾನು ಎರಡನೇ ಕಡೆಯವನು. ಆದರೂ ಆ ಮಹಾಭಾರತ ಆಗಲೇ ಕನ್ನಡದಲ್ಲಿ ಬಂದಿದ್ದರೆ ನಿಮ್ಮ ತಾತ ಬಾಯಿ ಬಿಡುತ್ತಿರಲಿಲ್ಲ. ಇದು ನನ್ನ ವಾದಕ್ಕೇ ತಿರುಗೇಟು, ಏನು ಮಾಡಲಿ.

ಮಾಲ್ಗುಡಿ ಡೇಸ್ ಲೆಕ್ಕ ಬೇರೆ. ಅದರಲ್ಲಿ ತಾತನಿಗೆ ಹೇಳೋಕೆ ಏನೂ ಇರಲಿಲ್ಲ, ನಮಗೆ ಕೇಳೋಕೂ ಏನೂ ಇರಲಿಲ್ಲ. ಮೇಷ್ಟ್ರ ಬೆತ್ತ, ಲೆಕ್ಕದ ಭಯ, ಅಪ್ಪ ಬಂದರೆ ಪುಸ್ತಕ ಹಿಡಿಯುವುದು, ಇದಕ್ಕೆಲ್ಲ ಯಾವ ಭಾಷೆ ಬೇಕು? ಮೈಸೂರಲ್ಲಿ ಕೂತು ಆರ್. ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದರು. ಶಂಕರ್ ನಾಗ್ ಅದನ್ನು ಆಗುಂಬೆಗೆ ತಗೊಂಡು ಹೋಗಿ ಹಿಂದಿ ಮಾತಾಡಿಸಿದರು. ನಾವು ಮಂಡ್ಯದಲ್ಲಿ ನೋಡಿ ‘ಇದು ನಮ್ಮ ಸ್ಕೂಲೇ’ ಅಂದೆವು. ಸ್ವಾಮಿ ಮಾಸ್ಟರ್ ಮಂಜುನಾಥ್, ಅಪ್ಪ ಗಿರೀಶ್ ಕಾರ್ನಾಡ್. ನಮ್ಮವರ ಮುಖ, ಬಾಯಲ್ಲಿ ಹಿಂದಿ. ಒಂದು ಕಥೆಯಲ್ಲಿ ವಿಷ್ಣುವರ್ಧನ್ ಬಂದಾಗ ನಿಮ್ಮ ಚಿಕ್ಕಪ್ಪ ‘ಕನ್ನಡದಲ್ಲಿ ಮಾತಾಡಣ್ಣೋ’ ಅಂತ ಟಿವಿಗೇ ಕೂಗಿದ್ದರು. ಲಾಕ್‌ಡೌನಿನಲ್ಲಿ ಅದು ಕನ್ನಡದಲ್ಲಿ ಬಂತು. ಅಷ್ಟು ಹೊತ್ತಿಗೆ ಚಿಕ್ಕಪ್ಪ ಇರಲಿಲ್ಲ.

ನಾನೀಗ ಮೈಸೂರಲ್ಲಿ ಇರುವುದರಿಂದ ಯಾದವಗಿರಿಯಲ್ಲಿ ನಾರಾಯಣ್ ಅವರ ಮನೆ ಮುಂದೆ ಆಗಾಗ ಓಡಾಡುತ್ತೇನೆ. ಈಗ ಅದು ಮ್ಯೂಸಿಯಂ. ಶೂಟಿಂಗ್ ನಡೆದ ಅರಸಾಳು ರೈಲ್ವೆ ಸ್ಟೇಷನ್ನಿನಲ್ಲೂ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಮಕ್ಕಳನ್ನು ಕರೆದುಕೊಂಡು ಬಂದರೆ ಒಂದನ್ನು ನಾನು ತೋರಿಸುತ್ತೇನೆ. ಇನ್ನೊಂದಕ್ಕೆ ಶಿವಮೊಗ್ಗದ ಕಡೆ ನೀನೇ ಹೋಗು.

ಇನ್ನು ಕನ್ನಡ ಸೀರಿಯಲ್ಲುಗಳು. ಗುಡ್ಡದ ಭೂತ ನೋಡಿದ ರಾತ್ರಿ ನಿಮ್ಮನೆಯಿಂದ ನಮ್ಮನೆಗೆ ಬರುವಾಗ ಕಬ್ಬಿನ ಗದ್ದೆ ಪಕ್ಕ ನಾನು ಓಡಿದ ಓಟ ಸ್ಕೂಲಿನ ಸ್ಪೋರ್ಟ್ಸಿನಲ್ಲಿ ಓಡಿದ್ದರೆ ಕಪ್ಪು ಗ್ಯಾರಂಟಿ. ಪ್ರಕಾಶ್ ರೈ ಆಗ ನಮಗೆ ಗೊತ್ತಿದ್ದದ್ದು ಅದರಿಂದಲೇ. ತುಳು ಹಾಡು ಒಂದಕ್ಷರ ಅರ್ಥವಾಗದೆ ಎಲ್ಲರ ಬಾಯಲ್ಲೂ ಇತ್ತು.

ಆಮೇಲೆ 1998ರ ಹೊತ್ತಿಗೆ ಮಾಯಾಮೃಗ. ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ಮಾಡಿದ್ದು. ಅಷ್ಟೊತ್ತಿಗೆ ನಾವು ಮೀಸೆ ಬಂದವರು, ಬಾಲ್ಯ ಅಂತ ಹೇಳೋಕಾಗಲ್ಲ. ಆದರೂ ಹೇಳಬೇಕು. ಟಿವಿಯಲ್ಲಿ ಜನ ಮನೆಯಲ್ಲಿ ಮಾತಾಡುವ ಹಾಗೇ ಮಾತಾಡಿದರು. ಸಾಲ, ಮದುವೆ, ಕೆಲಸ ಸಿಗದ ಹುಡುಗ, ಎಲ್ಲ ನಮ್ಮದೇ. ನಿಜ ಹೇಳ್ತೀನಿ, ಕನ್ನಡ ಟಿವಿಯಲ್ಲಿ ನಾನು ನೋಡಿದ್ದರಲ್ಲಿ ಅದಕ್ಕಿಂತ ಚೆನ್ನಾಗಿ ಬರೆದದ್ದು ಕಡಿಮೆ. ಆದರೆ ಪಡಸಾಲೆಯಲ್ಲಿ ಮೊದಲ ಸಲ ‘ಶ್ ಶ್’ ಅನ್ನುವ ಸದ್ದು ಕೇಳಿದ್ದು ಆಗಲೇ. ಒಂದು ಮಾತು ತಪ್ಪಿದರೂ ಹೋಯಿತು ಅನ್ನುವ ಹಾಗೆ ಎಲ್ಲರೂ ಕಿವಿ ನಿಗುರಿಸಿ ಕೂತರು. ತಾತ ಸ್ವಲ್ಪ ದಿನ ಕೂತು ನೋಡಿದರು. ‘ಎಲ್ಲಾ ಅವ್ರೇ ಹೇಳ್ಬುಡ್ತರಲ್ಲ’ ಅಂತ ಎದ್ದು ಜಗಲಿಗೆ ಹೋದರು. ಮಾತು ಸತ್ತೇಹೋಯಿತು ಅಂತ ಅಲ್ಲ. ಅದು ಮಾರನೇ ದಿನ ನಲ್ಲಿ ಹತ್ತಿರ ನಡೆಯುತ್ತಿತ್ತು, ಹೆಂಗಸರ ನಡುವೆ, ಕೊಡ ತುಂಬಿ ಹರಿದರೂ ಗೊತ್ತಾಗದ ಹಾಗೆ. ಈಗಲೂ ನಮ್ಮಮ್ಮ ಸಂಜೆ ಸೀರಿಯಲ್ಲಿನ ಅತ್ತೆಯನ್ನು ಬೈಯುವುದು ಕೇಳಿದರೆ ನಿಮ್ಮ ತಾತನ ಶಿಷ್ಯೆ ಅನ್ನಿಸುತ್ತೆ.

ಆದ್ದರಿಂದ ಮಕ್ಕಳ ಮೇಲೂ ರೇಗಬೇಡ, ಚೋಪ್ರಾ ಅವರ ಮೇಲೂ ರೇಗಬೇಡ. ನೀನು ಅವರಿಗೆ ಹಾಕಿದ್ದು ಅರ್ಧ ಮಹಾಭಾರತ. ಉಳಿದರ್ಧ ಮಾತಾಡೋಕೆ ಒಬ್ಬರು ಬೇಕು. ಮುಂದಿನ ತಿಂಗಳು ನಿಮ್ಮಪ್ಪ ನಿನ್ನ ಹತ್ತಿರ ಬರುತ್ತಾರಲ್ಲ, ಅವರನ್ನು ಟಿವಿ ಪಕ್ಕ ಕೂರಿಸು. ‘ನಂಗೇನೂ ಗೊತ್ತಿಲ್ಲ, ನಾಟಕ ಎಲ್ಲ ಅಪ್ಪಂದು’ ಅಂತಾರೆ. ನಂಬಬೇಡ. ಮದುವೆಗೆ ಮುಂಚೆ ಅವರೂ ಕುರುಕ್ಷೇತ್ರದಲ್ಲಿ ಪಾರ್ಟು ಮಾಡಿದ್ದಾರೆ. ಹೆಣ್ಣು ಪಾರ್ಟಿಗೆ ಜನ ಸಿಗದೆ ಉತ್ತರೆ ಕಟ್ಟಿಸಿದ್ದರಂತೆ. ಜಡೆ, ಸೀರೆ, ಬಳೆ ಎಲ್ಲ ಹಾಕಿಕೊಂಡ ಫೋಟೋ ನಮ್ಮನೆ ಟ್ರಂಕಿನಲ್ಲಿ ಸಿಕ್ಕಿದೆ. ಅವರು ಬಾಯಿ ಬಿಡದಿದ್ದರೆ ಫೋನು ಮಾಡು. ಫೋಟೋ ತೆಗೆದು ನೇರ ಮೊಮ್ಮಕ್ಕಳಿಗೇ ಕಳಿಸುತ್ತೇನೆ.

ಇಂತಿ ನಿನ್ನ,
ಪಕ್ಕದ ಬೀದಿಯವನು